ಹಸಿ ಇರುವಾಗಲೇ ಬನ್ನಿ

ಆ ತೋಳಿನ ಮೇಲಿನ ಕಲೆ ಚಹಾದ್ದಲ್ಲ, ರಕ್ತದ್ದು, ಅದೂ ಮೂರು ದಿನ ಹಳೆಯದು, ಯಾರೋ ಪುಣ್ಯಾತ್ಮರು ಬಿಸಿನೀರು ಸುರಿದು ಉಜ್ಜಿದ್ದಾರೆ, ಇನ್ನು ಅದು ಬಟ್ಟೆ ಹರಿಯುವ ತನಕ ಹೋಗುವುದಿಲ್ಲ, ರಕ್ತಕ್ಕೆ ತಣ್ಣೀರು ಅಂತ ಎಷ್ಟು ಬಡಕೊಂಡರೂ ಈ ಜನದ ಕಿವಿಗೆ ಬೀಳುವುದಿಲ್ಲ — ಮುಂದಿನ ಕುರ್ಚಿಯವನ ಅಂಗಿಯನ್ನೇ ದುರುಗುಟ್ಟಿ ನೋಡುತ್ತ ಅವಳು ಒಳಗೊಳಗೇ ಬೈಯುತ್ತಿದ್ದಾಳೆ, ಅವನು ಯಾರೋ, ಅವನ ಅಂಗಿ ಯಾವುದೋ, ಇವಳಿಗೇನಾಗಬೇಕು, ಆದರೆ ಇಪ್ಪತ್ತೆರಡು ವರ್ಷ ಹೋಟೆಲಿನ ಬಟ್ಟೆಕೋಣೆ ನೋಡಿಕೊಂಡವಳಿಗೆ ಮನುಷ್ಯರ ಮುಖ ಆಮೇಲೆ, ಕಲೆ ಮೊದಲು, ಬೆಡ್‌ಶೀಟ್ ಅಕ್ಕ ಅಂತಲೇ ಕರೆಯುತ್ತಾರೆ, ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳ ನಿಜವಾದ ಹೆಸರೇ ಗೊತ್ತಿಲ್ಲ. ಗೋಡೆಯ ಬೋರ್ಡಿನಲ್ಲಿ ಇಪ್ಪತ್ತನಾಲ್ಕು. ಅವಳ ಚೀಟಿ ಮೂವತ್ತೊಂದು. ಗಂಟೆ ಹನ್ನೊಂದೂ ಮುಕ್ಕಾಲು, ಡಾಕ್ಟರು ಒಂದಕ್ಕೆ ಎದ್ದು ಹೋಗುತ್ತಾರೆ, ಶನಿವಾರ ಅರ್ಧ ದಿನ, ನಾಳೆ ಭಾನುವಾರ ಕ್ಲಿನಿಕ್ಕಿನ ಬಾಗಿಲೇ ತೆಗೆಯುವುದಿಲ್ಲ, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ — ಮದುವೆ, ಐವತ್ತನಾಲ್ಕನೇ ವಯಸ್ಸಿನಲ್ಲಿ, ಗಂಡ ಸತ್ತು ಆರು ವರ್ಷವಾದ ಮೇಲೆ, ಅದನ್ನು ನೆನೆದರೆ ಈಗಲೂ ನಗು ಬರುತ್ತದೆ, ಹೊಟ್ಟೆಯೊಳಗೆ ಏನೋ ಬೆಚ್ಚಗೂ ಆಗುತ್ತದೆ — ಆ ಗುಳ್ಳೆ ಎದ್ದದ್ದು ನಿನ್ನೆ ಬೆಳಗಾಗುವ ಹೊತ್ತಿಗೆ, ಎರಡು ದಿನದೊಳಗೆ ಟೆಸ್ಟ್ ಆಗಬೇಕು ಅಂದಿದ್ದರು ಡಾಕ್ಟರು, ಹಸಿ ಇರುವಾಗಲೇ ಬನ್ನಿ, ಹಾಗಾದರೆ ನಾಳೆ ಬೆಳಗಾದರೆ ಗಡುವು ಮುಗಿಯಿತು, ಇವತ್ತು ಬಿಟ್ಟರೆ ಇನ್ನಿಲ್ಲ, ಒಳಗೆ ಹೋದವನು ಇಪ್ಪತ್ತು ನಿಮಿಷದಿಂದ ಏನು ಮಾಡುತ್ತಿದ್ದಾನೆ, ತನ್ನ ಸಂಸಾರದ ಕಥೆಯನ್ನೆಲ್ಲ ಬಿಚ್ಚಿಟ್ಟಿದ್ದಾನೋ, ಎದ್ದು ಬಾರಪ್ಪ ಮಾರಾಯ, ನಿನಗೆ ಕೈ ಮುಗಿಯುತ್ತೇನೆ.

ಕೌಂಟರಿನ ಹುಡುಗಿ ಬೆಳಿಗ್ಗೆ ಕೇಳಿದ್ದು ಇನ್ನೂ ಕಿವಿಯಲ್ಲಿ ಗುಂಯ್ ಅನ್ನುತ್ತಿದೆ, ಪೇಷಂಟ್ ಎಲ್ಲಿ ಅಮ್ಮ, ಇಲ್ಲೇ ಇದ್ದೀನಲ್ಲ, ಅಲ್ಲ ಟೆಸ್ಟ್ ಯಾರಿಗೆ, ಮಗಳಿಗಾ, ನನಗೇ ಕಣಮ್ಮ, ಓ ನಿಮಗಾ — ಆ ಓ ಇದೆಯಲ್ಲ, ಅದನ್ನು ಎಳೆದ ರೀತಿಗೆ ಕಪಾಳಕ್ಕೆ ಒಂದು ಬಿಡಬೇಕು ಅನ್ನಿಸಿತ್ತು, ಯಾಕೆ, ಕೂದಲು ಬೆಳ್ಳಗಾದವರಿಗೆ ಮೈಯೇ ಇರುವುದಿಲ್ಲವೇ, ಮಂಡಿನೋವು, ಬಿಪಿ, ಶುಗರ್ ಇಷ್ಟೇ ಬರಬೇಕೇ, ಬೇರೆ ಕಾಯಿಲೆ ಬಂದರೆ ಸರ್ಕಾರದ ಅಪ್ಪಣೆ ಬೇಕೇ. ಆಮೇಲೆ ಆ ಫಾರಂ ಬೇರೆ, ತೊಂದರೆ ಏನು, ಯಾವ ಜಾಗದಲ್ಲಿ, ಎಷ್ಟು ದಿನದಿಂದ, ಪೆನ್ನು ಹಿಡಿದು ನಿಂತವಳಿಗೆ ಯಾವ ಜಾಗದಲ್ಲಿ ಅನ್ನುವುದರ ಮುಂದೆ ಕೈ ನಿಂತೇ ಹೋಯಿತು, ಅಲ್ಲಿ ಅಂತ ಬರೆದಳು, ಹುಡುಗಿ ಓದಿ ಅಲ್ಲಿ ಅಂದ್ರೆ ಎಲ್ಲಿ ಅಮ್ಮ ಅಂತ ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದಳು, ನಾಲ್ಕು ತಲೆ ತಿರುಗಿದವು, ಥೂ, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇದೇ ಅವಳು ಬಟ್ಟೆಕೋಣೆಯಲ್ಲಿ ನಿಂತರೆ ಹೀಗಲ್ಲ, ಯಾವ ಕಲೆಯ ಹೆಸರು ಹೇಳುವುದಕ್ಕೂ ಹಿಂದೆಮುಂದೆ ನೋಡಿದವಳಲ್ಲ, ಹೊಸದಾಗಿ ಮದುವೆಯಾದವರ ಕೋಣೆಯ ಹಾಸು, ಕುಡಿದು ವಾಂತಿ ಮಾಡಿಕೊಂಡವರ ಹಾಸು, ಏಯ್ ಇದೇನು ಅಂತ ಮೂಗು ಮುಚ್ಚಿಕೊಂಡು ಬಂದ ಹುಡುಗಿಯರಿಗೆ ಇದು ಇದೇ, ಇದಕ್ಕೆ ಇಂಥ ಸೋಪು, ನಾಚಿಕೆಪಟ್ಟುಕೊಂಡು ಮಡಚಿ ಮೂಲೆಗೆ ಎಸೆದರೆ ಒಣಗಿ ಕೂರುತ್ತೆ, ಒಣಗಿದ ಮೇಲೆ ಅದು ಏನು ಅಂತ ನನ್ನ ತಾತ ಬಂದರೂ ಹೇಳೋಕಾಗಲ್ಲ, ಹಸಿ ಇರುವಾಗಲೇ ತನ್ನಿ ಅಂತ ದಿನಕ್ಕೆ ಹತ್ತು ಸಲ ಗದರುವವಳು, ತನ್ನ ಸ್ವಂತ ಮೈಯ ಒಂದು ಜಾಗದ ಹೆಸರು ಬರೆಯಲಾರದೆ ಅಲ್ಲಿ ಅಂತ ಬರೆದು ನಿಂತಿದ್ದಳು.

ಸದ್ಯ, ಆಗ ಲಿಫ್ಟಿನವರು, ಸೋಮವಾರ ಅವಳನ್ನು ಮದುವೆಯಾಗುವವರು, ಪಕ್ಕದಲ್ಲಿ ಇರಲಿಲ್ಲ. ಬರಬೇಡಿ ಅಂತ ಮೂರು ಸಲ ಹೇಳಿದ್ದಳು, ಶುಗರ್ ಟೆಸ್ಟ್ ಅಷ್ಟೇ, ಅರ್ಧ ಗಂಟೆ ಕೆಲಸ, ಅಯ್ಯೋ ಖಾಲಿ ಹೊಟ್ಟೆಯಲ್ಲಿ ಒಬ್ಬರೇ ಹೋಗಿ ತಲೆ ತಿರುಗಿ ಬಿದ್ದರೆ ಅಂತ ಸ್ಕೂಟರ್ ತಂದು ಬಾಗಿಲಿಗೆ ನಿಲ್ಲಿಸಿದ್ದರು, ಜೇಬಿನಲ್ಲಿ ಬಿಸ್ಕತ್ ಪೊಟ್ಟಣ ಬೇರೆ, ರಕ್ತ ಕೊಟ್ಟ ತಕ್ಷಣ ತಿನ್ನಿ ಅಂತ, ಇಂಥ ಮನುಷ್ಯನಿಗೆ ಸುಳ್ಳು ಹೇಳಬೇಕಾಯಿತಲ್ಲ ಅಂತ ದಾರಿಯುದ್ದಕ್ಕೂ ಸಂಕಟ, ಸಂಕಟದ ಮೇಲೆ ಸಿಟ್ಟು, ಯಾರ ಮೇಲೆ ಅಂತ ಗೊತ್ತಿಲ್ಲ. ಮೂರನೇ ಮಹಡಿಯ ಕ್ಲಿನಿಕ್ಕು, ಕೆಳಗೆ ಲಿಫ್ಟಿನ ಬಾಗಿಲಿಗೆ ಕೆಟ್ಟಿದೆ ಅಂತ ಕಾಗದ ಅಂಟಿಸಿತ್ತು, ಸಾಕಲ್ಲ, ಹೋಟೆಲಿನ ನಾಲ್ಕು ಲಿಫ್ಟುಗಳನ್ನು ಮಕ್ಕಳ ಹಾಗೆ ಸಾಕಿದ ಮನುಷ್ಯನಿಗೆ, ಇವಳ ಜೊತೆ ಮೆಟ್ಟಿಲು ಹತ್ತಿ ಬಂದು ಐದು ನಿಮಿಷ ಕೂತರು, ಕಾಲು ಕುಣಿಸಿದರು, ಒಂದ್ನಿಮಿಷ ನೋಡ್ಕೊಂಡು ಬರ್ತೀನಿ ರೀ, ಬಾಗಿಲಿನದೇ ಪ್ರಾಬ್ಲಂ ಇರ್ಬೇಕು, ಪಾಪ ವಯಸ್ಸಾದೋರು ಹತ್ತಿ ಬರ್ತಿದಾರೆ — ಅಷ್ಟೇ, ಹೋದವರು ಇನ್ನೂ ಬಂದಿಲ್ಲ, ಹಾಲಿನ ಆ ತುದಿಯಿಂದ ಕಬ್ಬಿಣ ತಟ್ಟುವ ಸದ್ದು, ವಾಚ್‌ಮನ್ನಿಗೆ ಟಾರ್ಚ್ ಹಿಡಿ ಮೇಲೆ ಹಿಡಿ ಅನ್ನುವ ದನಿ ಕೇಳುತ್ತಿದೆ. ಅವರ ದನಿ ಕೇಳಿದರೆ ಸಾಕು, ಎಷ್ಟೇ ಸಿಟ್ಟಿದ್ದರೂ ಒಂದು ಕ್ಷಣ ಭುಜ ಸಡಿಲವಾಗುತ್ತದೆ. ಹೀಗೆಯೇ ಶುರುವಾದದ್ದು, ಎರಡು ವರ್ಷದ ಹಿಂದೆ ಬಟ್ಟೆಕೋಣೆಯ ಸಾಮಾನು ಲಿಫ್ಟ್ ಕೆಟ್ಟು ನಿಂತಾಗ, ಬಿಡಿಭಾಗ ಬರುವ ತನಕ ಸುಮ್ಮನೆ ಕೂರಲಾರದೆ ಕೊಡಿ ಇಲ್ಲಿ ಅಂತ ದೊಡ್ಡ ಹಾಸಿನ ಆ ಕಡೆಯ ಎರಡು ಮೂಲೆ ಹಿಡಿದಿದ್ದರು, ಡಬಲ್ ಬೆಡ್ಡಿನ ಹಾಸನ್ನು ಒಬ್ಬರೇ ಮಡಚಲಾಗುವುದಿಲ್ಲ, ಇಬ್ಬರು ಬೇಕು, ಎಳೆದು ಬಿಗಿ ಮಾಡಬೇಕು, ಆಮೇಲೆ ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು, ಆ ದಿನ ನಲವತ್ತು ಹಾಸು ಮಡಚಿದರು, ನಲವತ್ತು ಸಲ ಅವರ ಬೆರಳು ಅವಳ ಬೆರಳಿಗೆ ತಾಗಿತು, ನಲವತ್ತೊಂದನೆಯದು ಮಡಚುವುದಕ್ಕೆ ಉಳಿದಿರಲಿಲ್ಲ ಅಂತ ಇಬ್ಬರಿಗೂ ಬೇಜಾರಾಯಿತು. ಅವರ ಹೆಂಡತಿ ಹೋಗಿ ಒಂಬತ್ತು ವರ್ಷ. ಒಳ್ಳೆಯವರು, ಅವಸರ ಇಲ್ಲ, ಕೈ ಹಿಡಿದದ್ದು ಬಿಟ್ಟರೆ ಇವತ್ತಿನವರೆಗೆ ಮುಂದುವರಿದವರಲ್ಲ, ಮುಂದುವರಿಯಲು ಅವಳೇ ಬಿಡಲಿಲ್ಲ, ಯಾಕೆ ಅಂತ ಹೇಳಲೂ ಇಲ್ಲ. ರಿಜಿಸ್ಟ್ರಿ ದಿನ ಎರಡು ಸಲ ಮುಂದಕ್ಕೆ ಹಾಕಿದಳು, ಒಂದು ಸಲ ಮಗಳಿಗೆ ರಜೆ ಇಲ್ಲ ಅಂದಳು, ಇನ್ನೊಂದು ಸಲ ಹೋಟೆಲಿನಲ್ಲಿ ದೊಡ್ಡ ಗುಂಪು ಬರುತ್ತಿದೆ ಅಂದಳು, ಎರಡನೇ ಸಲ ಅವರ ಮುಖ ಸಣ್ಣದಾಯಿತು, ನೋಡಿ, ನಿಮಗೆ ಮನಸ್ಸಿಲ್ಲ ಅಂದ್ರೆ ಇಲ್ಲ ಅಂದ್ಬಿಡಿ, ನಾನೇನೂ ಬೇಜಾರು ಮಾಡ್ಕೊಳಲ್ಲ, ಆದ್ರೆ ಬಾಗಿಲು ಎಷ್ಟು ಹೊತ್ತು ಅಂತ ಕೈಯಲ್ಲಿ ಹಿಡಿದು ನಿಲ್ಲಿಸ್ಲಿ, ಇನ್ನೊಂದು ಸಲ ಮುಂದಕ್ಕೆ ಹೋದ್ರೆ ಇಲ್ಲ ಅಂತಲೇ ತಿಳ್ಕೊತೀನಿ. ಮನಸ್ಸಿಲ್ಲವಂತೆ. ಮನಸ್ಸೇನು, ಇಡೀ ಜೀವವೇ ಹೋಗಿ ಅಲ್ಲಿ ಕೂತಿದೆ, ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ.

ಹೇಳಬೇಕಾದರೆ ಮೊದಲು ತನಗೆ ಗೊತ್ತಾಗಬೇಕಲ್ಲ, ಅದೇ ಗೋಳು, ಮೂವತ್ತು ವರ್ಷದಿಂದ ಅದು ಉಷ್ಣ ಅಷ್ಟೇ, ಮದುವೆಯಾದ ಮರುವರ್ಷದಿಂದ, ಮೈಗೆ ಆಯಾಸವಾದಾಗ, ನಿದ್ದೆ ಕೆಟ್ಟಾಗ, ಮಗಳಿಗೆ ಟೈಫಾಯಿಡ್ ಬಂದು ಆಸ್ಪತ್ರೆಗೂ ಮನೆಗೂ ಓಡಾಡಿದಾಗ, ಅದೇ ಜಾಗದಲ್ಲಿ ಮೊದಲು ಚುರುಚುರು, ಆಮೇಲೆ ಉರಿ, ಆಮೇಲೆ ನಾಲ್ಕೈದು ನೀರುಗುಳ್ಳೆ ಒಟ್ಟಿಗೆ, ಒಡೆದು ಹಕ್ಕಳೆ ಕಟ್ಟಿ ಉದುರಿ ಹೋಗುವುದು, ಉಷ್ಣ, ನೀರು ಕುಡಿ ಅನ್ನುತ್ತಿದ್ದರು ಯಜಮಾನರು, ಅವಳೂ ಕುಡಿಯುತ್ತಿದ್ದಳು, ಮೂವತ್ತು ವರ್ಷದಲ್ಲಿ ಒಂದು ಕೆರೆಯಷ್ಟು ನೀರು ಕುಡಿದಿರಬೇಕು ಹಾಳಾದ್ದು. ಕಳೆದ ವರ್ಷ ಹೋಟೆಲಿನ ಕೆಲಸದವರಿಗೆಲ್ಲ ಆರೋಗ್ಯದ ಶಿಬಿರ ಅಂತ ಮಾಡಿದರು, ಒಬ್ಬ ನರ್ಸ್ ಬಂದು ಗೋಡೆಗೆ ಚಿತ್ರ ಬಿಟ್ಟು, ಇದು ಹರ್ಪಿಸ್, ತುಟಿ ಮೇಲೂ ಬರುತ್ತೆ, ಕೆಳಗೂ ಬರುತ್ತೆ, ಒಬ್ಬರಿಂದ ಒಬ್ಬರಿಗೆ ಚರ್ಮ ತಾಗಿ ಬರುತ್ತೆ, ತುಂಬ ಜನ ಇದನ್ನ ಉಷ್ಣ ಅಂದ್ಕೊಂಡು ಸುಮ್ಮನಾಗ್ತಾರೆ ಅಂದಾಗ ಎರಡು ಸಾಲು ಮುಂದೆ ಲಿಫ್ಟಿನವರು ಕಡಲೆಕಾಯಿ ಬಿಡಿಸುತ್ತ ಕೂತಿದ್ದರು, ಗೋಡೆಯ ಮೇಲೆ ಅವಳ ಸ್ವಂತ ಮೈ ಅಷ್ಟು ದೊಡ್ಡದಾಗಿ ನಿಂತಿತ್ತು. ಅವತ್ತಿನಿಂದ ಶುರುವಾಯಿತು ನೋಡಿ ಈ ಯಾವಾಗ ಯಾವಾಗ ಅನ್ನುವ ಪೀಡೆ. ಮೊದಲ ಸಲ ಧೈರ್ಯ ಮಾಡಿ ಇದೇ ಡಾಕ್ಟರ ಹತ್ತಿರ ಬರುವ ಹೊತ್ತಿಗೆ ಗುಳ್ಳೆ ಎದ್ದು ಒಂಬತ್ತು ದಿನ, ಆ ಹುಡುಗಿ — ಹುಡುಗಿಯೇ, ಮಗಳ ವಯಸ್ಸು — ನೋಡಿ ನಾಲಿಗೆ ಲೊಚಗುಟ್ಟಿ, ಒಣಗಿ ಹೋಗಿದೆಯಲ್ಲಮ್ಮ, ಈಗ ಒರೆಸಿ ಲ್ಯಾಬಿಗೆ ಕಳಿಸಿದ್ರೆ ಏನೂ ಸಿಗಲ್ಲ, ಸಿಗಲಿಲ್ಲ ಅಂದ್ರೆ ಇಲ್ಲ ಅಂತಲೂ ಅರ್ಥ ಅಲ್ಲ ಅಂದಳು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹಾಗಾದರೆ ರಕ್ತ ತಗೊಳ್ಳಿ ತಾಯಿ. ತಗೊಂಡರು, ರಿಪೋರ್ಟಿನಲ್ಲಿ ಒಂದು ಬಗೆಯದ್ದು ಇದೆ, ಅದು ಸಾಧಾರಣ ಎಲ್ಲರಿಗೂ ಚಿಕ್ಕಂದಿನಲ್ಲೇ ತುಟಿಯ ಗುಳ್ಳೆಯಿಂದ ಬಂದಿರುತ್ತೆ, ಇನ್ನೊಂದು ಬಗೆಯದ್ದು ಗಡಿಯಲ್ಲಿದೆ, ಗಡಿಯಲ್ಲಿದೆ ಅಂದರೆ ಏನಮ್ಮ, ಇರಬಹುದು, ಇಲ್ಲದೆಯೂ ಇರಬಹುದು, ಅಷ್ಟು ಕಡಿಮೆ ಬಂದರೆ ನಂಬೋ ಹಾಗಿಲ್ಲ, ಮುಂದಿನ ಸಲ ಹೊಸದಾಗಿ ಎದ್ದಾಗ ಎರಡು ದಿನದೊಳಗೆ, ಹಸಿ ಇರುವಾಗಲೇ ಬನ್ನಿ. ಇಪ್ಪತ್ತೆರಡು ವರ್ಷ ತಾನು ಬೇರೆಯವರ ತಲೆಗೆ ಕುಟ್ಟಿದ ಮಾತನ್ನು ಈ ಹುಡುಗಿ ತನ್ನ ತಲೆಗೆ ಕುಟ್ಟುತ್ತಿದ್ದಾಳೆ.

ಆಯಿತು, ಎರಡನೇ ಸಲ ಎದ್ದಿತು, ಎದ್ದದ್ದು ಯಾವಾಗ, ಮೂರು ದಿನ ಸಾಲುರಜೆ, ಕ್ಲಿನಿಕ್ಕಿಗೆ ಬೀಗ, ಬೀಗದ ಮುಂದೆ ನಿಂತು ಅತ್ತುಬಿಟ್ಟಿದ್ದಳು, ಸಿಟ್ಟಿಗೆ, ದುಃಖಕ್ಕಲ್ಲ. ಆಮೇಲೆ ನಾಲ್ಕು ತಿಂಗಳು ಕಾದಳು, ಬರಲಿಲ್ಲ. ಮೂವತ್ತು ವರ್ಷ ಬೇಡ ಬೇಡ ಅಂದಾಗ ಕರೆಯದೆ ಬರುತ್ತಿದ್ದ ನೆಂಟ, ಈಗ ಬಾ ಅಂದರೆ ಪತ್ತೆಯಿಲ್ಲ. ಬಿಸಿಲಲ್ಲಿ ನಿಂತಳು, ಮೆಣಸು ಹಾಕಿ ಕಷಾಯ ಕುಡಿದಳು, ಬೇರೆಯವರ ಪಾಳಿಯನ್ನೂ ತಾನೇ ಮಾಡಿದಳು, ನೀರು ಕುಡಿಯುವುದನ್ನೇ ಬಿಟ್ಟಳು, ಉಷ್ಣ ಅಲ್ಲ ಅಂತ ಡಾಕ್ಟರು ಹೇಳಿದ ಮೇಲೂ ಉಷ್ಣ ಮಾಡಿಕೊಳ್ಳಲು ಒದ್ದಾಡಿದಳಲ್ಲ, ಎಂಥ ಹೆಡ್ಡಿ, ಯಾರಾದರೂ ಕಂಡರೆ ತಲೆಕೆಟ್ಟಿದೆ ಅಂತ ಆಸ್ಪತ್ರೆಗೆ ಸೇರಿಸಿಬಿಡುತ್ತಿದ್ದರು. ಕೊನೆಗೆ ಬಂದದ್ದು ನಿನ್ನೆ, ಶುಕ್ರವಾರ, ಮದುವೆಗೆ ಮೂರು ದಿನ ಇರುವಾಗ, ಕನ್ನಡಿ ಹಿಡಿದು ನೋಡಿ ಅಬ್ಬ ಬಂತು ಅಂತ ಕುಣಿಯುವುದೊಂದು ಬಾಕಿ. ನಿನ್ನೆಯೇ ಓಡಿ ಬಂದಳು, ಡಾಕ್ಟರು ಊರಲ್ಲಿಲ್ಲ, ನಾಳೆ ಬನ್ನಿ ಅಂದರು. ಮಗಳು ಈಗ ಹತ್ತು ನಿಮಿಷದ ಹಿಂದೆ ಫೋನ್ ಮಾಡಿದಳು, ಅಮ್ಮ ಸೋಮವಾರ ಸಾಕ್ಷಿ ಸಹಿಗೆ ಬರ್ಬೇಕಾ ಬೇಡ್ವಾ, ಟಿಕೆಟ್ ಮಾಡಿಸ್ಬೇಕು, ಸಂಜೆ ಹೇಳ್ತೀನಿ ಕಣೆ, ಅಯ್ಯೋ ಅಮ್ಮ ಪಾಪ ಅಂಕಲ್ಲನ್ನ ಎಷ್ಟು ಆಟ ಆಡಿಸ್ತೀಯ. ಆಟ ಆಡಿಸುತ್ತಾಳಂತೆ. ಆಟ ಆಡಿಸುತ್ತಿರುವುದು ಯಾರು, ಒಂದು ಸಾಸಿವೆ ಕಾಳಿನಷ್ಟು ಗುಳ್ಳೆ. ಕಾಗದ ಕೈಗೆ ಬರಲಿ, ಇದೆ ಅಂತಲೋ ಇಲ್ಲ ಅಂತಲೋ, ಇಲ್ಲ ಅಂದರೆ ಹೇಳುವುದೇ ಬೇಡ, ಇದೆ ಅಂದರೆ ಕಾಗದವನ್ನೇ ಅವರ ಕೈಗೆ ಕೊಟ್ಟು ಆ ಕಡೆ ತಿರುಗಿ ನಿಂತರಾಯಿತು, ಕಾಗದ ಹೇಳುತ್ತದೆ, ಬಾಯಿ ಸುಮ್ಮನಿದ್ದರಾಯಿತು. ಬೋರ್ಡಿನಲ್ಲಿ ಮೂವತ್ತು ಬಂತು. ಹನ್ನೆರಡೂ ನಲವತ್ತು. ಬರುತ್ತಿದೆ, ಬರುತ್ತಿದೆ, ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡು ಕುರ್ಚಿಯ ಅಂಚಿಗೆ ಬಂದು ಕೂತಳು.

ಬನ್ನಿ ಅಮ್ಮ, ಓ ನೀವಾ, ಬಂತಾ ಅಂತೂ, ಅಂತ ಡಾಕ್ಟರು ನಕ್ಕರು, ಬಂತು ತಾಯಿ, ನಿನ್ನೆ ಬೆಳಿಗ್ಗೆ, ಹಸಿಯಾಗೇ ಇದೆ, ಯಾವುದೋ ಸಾಮಾನು ತಂದುಕೊಟ್ಟವಳ ಹಾಗೆ ಹೆಮ್ಮೆಯಿಂದ ಹೇಳಿದಳು, ಹೇಳಿ ತನಗೇ ನಾಚಿಕೆಯಾಯಿತು. ಪರದೆ ಎಳೆದರು, ಮೇಜಿನ ಮೇಲಿನ ಹಾಸು ಇಸ್ತ್ರಿ ಕಂಡಿಲ್ಲ, ಅಂಚಿನಲ್ಲಿ ತುಕ್ಕಿನ ಕಲೆ, ತುಕ್ಕಿಗೆ ನಿಂಬೆಹಣ್ಣು ಉಪ್ಪು ಅಂತ ಹೇಳಿ ಹೋಗಬೇಕು, ಹತ್ತಿ ಕಡ್ಡಿ ತಾಗಿದಾಗ ಜೀವ ಹೋದಷ್ಟು ಉರಿ, ಹಲ್ಲು ಕಚ್ಚಿದಳು, ಮುಗೀತಮ್ಮ, ಚೆನ್ನಾಗಿ ಸಿಕ್ತು, ಇದನ್ನ ಲ್ಯಾಬಿಗೆ ಕಳಿಸ್ತೀನಿ. ಎದ್ದು ಸೆರಗು ಸರಿ ಮಾಡಿಕೊಳ್ಳುತ್ತ ಕೇಳಿದಳು, ಕಾಗದ ಸಂಜೆ ಕೊಡ್ತೀರಾ ನಾಳೆನಾ. ಬುಧವಾರ ಅಮ್ಮ. ಬುಧವಾರ. ಅಂದ್ರೆ ಸೋಮವಾರ ಆದ್ಮೇಲೆ. ಹೂಂ, ನಾಲ್ಕು ದಿನ ಬೇಕು, ಯಾಕೆ. ಅವಳಿಗೆ ಅಲ್ಲಿಯೇ ಕೂತು ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು, ಎರಡು ದಿನ ಎರಡು ದಿನ ಅಂತ ಜೀವ ಬಾಯಿಗೆ ಬಂದು ಓಡಿದ್ದೇ ಓಡಿದ್ದು, ರಿಪೋರ್ಟು ಯಾವತ್ತು ಬರುತ್ತದೆ ಅಂತ ಒಂದು ಮಾತು ಕೇಳಬೇಕು ಅಂತ ತಲೆಗೆ ಹೊಳೆಯಲಿಲ್ಲವಲ್ಲ, ಯಾಕೆ ಅಂತ ಡಾಕ್ಟರು ಇನ್ನೊಮ್ಮೆ ಕೇಳಿದಾಗ ಕಟ್ಟೆ ಒಡೆದು ಎಲ್ಲ ಹೇಳಿಬಿಟ್ಟಳು, ಸೋಮವಾರ, ರಿಜಿಸ್ಟ್ರಾರು, ಮೂರನೇ ಸಲ, ಹೊರಗೆ ಲಿಫ್ಟು ರಿಪೇರಿ ಮಾಡುತ್ತಿರುವ ಮನುಷ್ಯ. ಡಾಕ್ಟರು ಪೆನ್ನು ಕೆಳಗಿಟ್ಟರು. ನೋಡಿ ಅಮ್ಮ, ಕಣ್ಣಿಗೆ ಕಂಡಿದ್ದರಲ್ಲಿ ನನಗೇನೂ ಅನುಮಾನ ಇಲ್ಲ, ಹರ್ಪಿಸ್ಸೇ, ರಿಪೋರ್ಟು ಬರೋದು ಯಾವ ಬಗೆ ಅಂತ ಖಚಿತ ಮಾಡೋಕೆ, ಗಾಬರಿ ಬೇಡ, ಇದರಿಂದ ಯಾರೂ ಸಾಯಲ್ಲ, ಪೂರ್ತಿ ಹೋಗಲ್ಲ ಅನ್ನೋದೂ ನಿಜ, ದಿನಾ ಒಂದು ಮಾತ್ರೆ ತಗೊಂಡ್ರೆ ಅವರಿಗೆ ತಗಲೋ ಸಂಭವ ಕಮ್ಮಿ ಆಗುತ್ತೆ, ಗುಳ್ಳೆ ಇರುವಾಗ ದೂರ ಇರಿ, ಗುಳ್ಳೆ ಇಲ್ಲದಾಗಲೂ ಅಪರೂಪಕ್ಕೆ ತಗಲಬಹುದು, ಅದಕ್ಕೇ ಅವರಿಗೆ ಗೊತ್ತಿರ್ಬೇಕು. ಅವರೂ ಟೆಸ್ಟ್ ಮಾಡಿಸ್ಬೇಕಾ. ಮಾಡಿಸಬಹುದು, ಅವರಿಗೂ ಮೊದಲೇ ಇದೆಯೋ ಏನೋ, ಎಷ್ಟೋ ಜನಕ್ಕೆ ಇರೋದೇ ಗೊತ್ತಿರಲ್ಲ, ಈಗಲೇ ರಕ್ತ ಕೊಟ್ರೆ ಒಳ್ಳೇದು, ಆಮೇಲೆ ತಗಲಿದ್ರೆ ರಕ್ತದಲ್ಲಿ ಕಾಣೋಕೆ ಮೂರು ತಿಂಗಳಾದ್ರೂ ಬೇಕು, ಆದ್ರೆ ನೀವು ಹೇಳದೆ ಅವರು ಯಾಕೆ ಬಂದು ರಕ್ತ ಕೊಡ್ತಾರೆ, ಟೆಸ್ಟಿಗೆ ಎರಡು ದಿನ ಅಂದೆ, ಹೇಳೋಕೆ ಬುಧವಾರದವರೆಗೆ ಕಾಯಿರಿ ಅಂತ ನಾನು ಯಾವಾಗ ಅಂದೆ. ಮಗಳ ವಯಸ್ಸಿನವಳು, ಬಾಯಿ ಮುಚ್ಚಿಸಿಬಿಟ್ಟಳು. ಚೀಟಿ ಬರೆಯುತ್ತ ತಲೆಯೆತ್ತದೆ ಕೇಳಿದಳು, ಹಿಂದಿನ ಯಜಮಾನರಿಗೂ ಇತ್ತಾ.

ಗೊತ್ತಿಲ್ಲ ಅಂದಳು, ಅವರಿಗೇ ಗೊತ್ತಿತ್ತೋ ಇಲ್ಲವೋ, ಪಾಪ, ಅವರೂ ಉಷ್ಣ ಅಂದುಕೊಂಡಿದ್ದರೋ ಏನೋ, ಡಾಕ್ಟರು ಹೌದು ಹೌದು, ಮದುವೆಗೆ ಮುಂಚೆಯೇ ಬಂದಿರಬಹುದು, ಯಾರಿಂದ ಯಾವಾಗ ಅಂತ ಯಾವ ಟೆಸ್ಟೂ ಹೇಳಲ್ಲ ಅಂದರು, ಅವಳು ಚೀಟಿ ತೆಗೆದುಕೊಂಡು ಹೊರಗೆ ಬಂದು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ನಿಂತಲ್ಲಿಯೇ ಆ ಬೆಳಗು ಬಂದು ಎದುರಿಗೆ ನಿಂತಿತು, ಇಷ್ಟು ವರ್ಷ ಎಲ್ಲಿತ್ತೋ, ಯಜಮಾನರು ಕಿಟಕಿಯ ಸಣ್ಣ ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದಾರೆ, ಅರ್ಧ ಮುಖಕ್ಕೆ ನೊರೆ, ಅವಳಿಗೆ ಇಪ್ಪತ್ತನಾಲ್ಕು, ಮೊದಲ ಸಲ, ನಡೆಯಲಾಗುತ್ತಿಲ್ಲ, ಜ್ವರ, ಬಾಗಿಲ ಹತ್ತಿರ ನಿಂತು ಹೇಳಲಾರದೆ ಹೇಳಿದಳು, ರೀ, ನನಗೆ ಉರಿಯುತ್ತೆ, ಗುಳ್ಳೆ — ಎಲ್ಲಿ ಅಂತ ಕೇಳಲಿಲ್ಲ. ಎಲ್ಲಿ ಅಂತ ಕೇಳಲೇ ಇಲ್ಲ. ತೋರಿಸು ಅನ್ನಲಿಲ್ಲ, ತಿರುಗಲಿಲ್ಲ, ಕನ್ನಡಿಯಲ್ಲಿ ಅವಳು ಕಾಣುತ್ತಿದ್ದಳು, ಅವಳನ್ನು ನೋಡದೆ ಕೆನ್ನೆ ನೋಡಿಕೊಂಡೇ ಉಷ್ಣ ಅಂದರು, ರೇಜರ್ ಹಿಡಿಯದ ಕೈ ಎತ್ತಿ ಎರಡು ಬೆರಳು ತೋರಿಸಿದರು, ಎರಡು ವಾರ, ಹೋಗುತ್ತೆ, ಬೆರಳ ತುದಿಗೆ ನೊರೆ ಹತ್ತಿತ್ತು. ಎರಡು ವಾರಕ್ಕೆ ಸರಿಯಾಗಿ ಹೋಯಿತು. ಆಗ ಅಬ್ಬ ಎಷ್ಟು ತಿಳಿದವರು ಅನ್ನಿಸಿತ್ತು. ನಕ್ಷೆ ಆಫೀಸಿನಲ್ಲಿ ಗೆರೆ ಎಳೆಯುವ ಕೆಲಸ, ಅಂದಾಜು ಅನ್ನುವ ಮಾತೇ ಬಾಯಲ್ಲಿ ಬಾರದ ಮನುಷ್ಯ, ಅಳೆಯದೆ ಒಂದು ಸಂಖ್ಯೆ ಹೇಳಿದವರಲ್ಲ, ಅಳೆದಿದ್ದರು, ತಮ್ಮ ಮೈಯಲ್ಲಿ ಅಳೆದಿದ್ದರು, ಗೊತ್ತಿತ್ತು, ಗೊತ್ತಿತ್ತು ಅವನಿಗೆ — ಮನಸ್ಸಿನಲ್ಲಿ ಮೊದಲ ಸಲ ಅವನು ಅಂತ ಬಂತು, ಬರಲಿ. ಕೆಲವು ದಿನ ನಾನು ಹಾಲಿನಲ್ಲಿ ಮಲಗ್ತೀನಿ, ಸೆಕೆ ಅನ್ನುತ್ತಿದ್ದ, ಚಳಿಗಾಲದಲ್ಲೂ ಸೆಕೆ, ತಾನೇನು ತಪ್ಪು ಮಾಡಿದೆ ಅಂತ ಅವಳು ಒಳಗೆ ಕೂತು ಲೆಕ್ಕ ಹಾಕುತ್ತಿದ್ದಳು, ಅದು ಅವಳಿಗೆ ತಗಲದಿರಲಿ ಅಂತ ದೂರ ಹೋದದ್ದೋ, ಅವಳಿಗೆ ಕಾಣದಿರಲಿ ಅಂತ ಹೋದದ್ದೋ, ಕೇಳೋಣ ಅಂದರೆ ಸತ್ತು ಆರು ವರ್ಷ, ಬೈಯೋಣ ಅಂದರೆ ಗೋಡೆಯ ಮೇಲೆ ಫೋಟೋ, ಎದ್ದು ಬಾರಯ್ಯ, ಒಂದೇ ಒಂದು ನಿಮಿಷ ಬಂದು ಎದುರಿಗೆ ನಿಲ್ಲು, ಗಂಟಲು ಕಿತ್ತುಹೋಗುವ ಹಾಗೆ ಕೂಗಬೇಕು, ಕಾಯಿಲೆಗಲ್ಲವೋ, ಕಾಯಿಲೆ ಯಾರಿಗೆ ಬೇಕಾದರೂ ಬರುತ್ತೆ, ಆ ಒಂದು ಮಾತಿಗೆ, ತಿರುಗಿ ನಿಂತು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು.

ಏನ್ರೀ, ಮುಗೀತಾ, ಇಷ್ಟು ಹೊತ್ತು, ಅಂತ ಲಿಫ್ಟಿನವರು ಬಂದೇಬಿಟ್ಟರು, ಮೊಣಕೈವರೆಗೆ ಗ್ರೀಸು, ಮುಖದ ತುಂಬ ಗೆಲುವು, ಬಾಗಿಲಿನ ರೋಲರ್ ಜಾಮ್ ಆಗಿತ್ತು ಅಷ್ಟೇ, ತಿಂಗಳಿಂದ ಹಾಗೇ ಬಿಟ್ಟಿದಾರೆ ನೋಡಿ, ಬನ್ನಿ ಬನ್ನಿ, ಮೊದಲನೇ ಸವಾರಿ ನಿಮ್ಮದೇ, ಅಂತ ಅವಳನ್ನು ಲಿಫ್ಟಿನೊಳಗೆ ಕರೆದುಕೊಂಡು ಹೋದರು, ಬಾಗಿಲು ಸದ್ದಿಲ್ಲದೆ ಮುಚ್ಚಿತು, ಇಬ್ಬರೇ, ಗ್ರೀಸ್ ತಾಗದಂತೆ ಎರಡು ಬೆರಳ ತುದಿಯಲ್ಲಿ ಬಿಸ್ಕತ್ ಪೊಟ್ಟಣ ಎಳೆದು ಅವಳಿಗೆ ಕೊಟ್ಟರು, ಶುಗರ್ ಎಷ್ಟು ಬಂತು. ಶುಗರ್ ಅಲ್ಲ ಅಂದಳು, ಬಾಗಿಲನ್ನೇ ನೋಡುತ್ತ. ಮತ್ತೆ. ಈಗ ಹೇಳಬೇಕು, ಬಾಯಿ ತೆರೆದಿದೆ, ನಾಲಿಗೆಯ ತುದಿಗೆ ಬಂದಿದೆ, ಬುಧವಾರ ಹೇಳಿದರಾಯಿತು, ಕಾಗದ ಬರಲಿ, ಸೋಮವಾರ ಸಹಿ ಆಗಿಬಿಡಲಿ, ಆಮೇಲೆ ನಿಧಾನವಾಗಿ, ಈ ಗೆಲುವಿನ ಮುಖ ಈಗಲೇ ಯಾಕೆ ಕೆಡಿಸಬೇಕು, ಏನಿಲ್ಲ ಬಿಡಿ, ಒಂದೆರಡು ಗುಳ್ಳೆ, ಉಷ್ಣ. ಅಯ್ಯೋ, ಮೊದಲೇ ಹೇಳ್ಬಾರ್ದಾ, ನೀವು ನೀರೇ ಕುಡಿಯಲ್ಲ, ಎಷ್ಟು ದಿನಕ್ಕೆ ಹೋಗುತ್ತಂತೆ. ಅವಳು ತಿರುಗಲಿಲ್ಲ, ಕೈ ತಾನಾಗಿ ಎದ್ದಿತು — ಬಾಗಿಲಿನ ಸ್ಟೀಲಿನಲ್ಲಿ ಯಾರೋ ಮಸುಕಾಗಿ ನಿಂತಿದ್ದಾರೆ, ಹಿಂದೆ ನಿಂತವರಿಗೆ ಬೆನ್ನು ಹಾಕಿ, ಮುಖವಿಲ್ಲ, ಎರಡು ಬೆರಳು ಎತ್ತಿ ಹಿಡಿದಿದ್ದಾರೆ. ಅವಳು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದಿನಿಂದ ಒಂದು ಕೈ ಬಂದು ಕೆಂಪು ಗುಂಡಿ ಒತ್ತಿತು, ಲಿಫ್ಟು ಎರಡು ಮಹಡಿಗಳ ನಡುವೆ ಗಕ್ಕನೆ ನಿಂತಿತು. ಏನ್ರೀ ಇದು, ಹೀಗೆ ಹಿಂದೆ ಸರಿತೀರಾ, ಏನಾಯ್ತು, ಈ ಕಡೆ ತಿರುಗಿ, ನನ್ನ ಮುಖ ನೋಡ್ಕೊಂಡು ಹೇಳಿ. ತಿರುಗಿದಳು. ಅವರ ಕಣ್ಣು ಇಷ್ಟು ಹತ್ತಿರದಲ್ಲಿ ಇಷ್ಟು ಕಂದು ಅಂತ ಗೊತ್ತೇ ಇರಲಿಲ್ಲ. ಉಷ್ಣ ಅಲ್ಲ ಅಂದಳು, ಸುಳ್ಳು ಹೇಳಿದೆ, ಇದು ಹರ್ಪಿಸ್ ಅಂತ, ಹೋಗಲ್ಲ, ಬರುತ್ತೆ, ಮತ್ತೆ ಬರುತ್ತೆ, ನಿಮಗೂ ತಗಲಬಹುದು, ನನಗೆ ನಮ್ಮ ಯಜಮಾನರಿಂದ — ಮುಂದಿನ ಮಾತು ಹುಡುಕಿದಳು, ಸಿಗಲಿಲ್ಲ, ಸೋಮವಾರ ಇಲ್ಲ, ಬುಧವಾರ ಇಲ್ಲ, ಡಾಕ್ಟರು ಹೇಳಿಕೊಟ್ಟ ಮಾತ್ರೆಯ ಹೆಸರಿಲ್ಲ, ಅವರು ಏನೋ ಕೇಳುತ್ತಿದ್ದಾರೆ, ತುಟಿ ಅಲುಗುತ್ತಿದೆ, ಅವಳ ಕೈ ಇನ್ನೂ ಮೇಲೆಯೇ ಇದೆ, ಇಳಿಸಬೇಕು, ಇಳಿಯುತ್ತಿಲ್ಲ, ಎರಡು ಬೆರಳು, ಇಬ್ಬರ ನಡುವೆ, ನೊರೆ ಹತ್ತಿದ ಎರಡು ಬೆರಳು.